ಮರಗಳೊಳಗಿನ ಹೆಂಗಸು

ತೊಕುಜಿಗೆ ಹಿಮವೆಂದರೆ ಪ್ರಾಣ, ಮನುಷ್ಯರೆಂದರೆ ಅಷ್ಟಕ್ಕಷ್ಟೆ. ಹೊಕ್ಕೈದೊದ ಸರೋವರದ ದಂಡೆಯಲ್ಲಿ ಚಳಿಗಾಲವೆಲ್ಲ ಅಲೆದು ಕಪ್ಪು ಬಿಳುಪು ಚಿತ್ರ ತೆಗೆದು ಹೆಸರು ಮಾಡಿದವನು. ಹಿಮದಲ್ಲಿ ಹೂತ ಬೇಲಿಗೂಟಕ್ಕೆ ಬೇಕಾದರೆ ಇಡೀ ರೀಲು ಸುರಿದಾನು, ಕಟ್ಟಿಕೊಂಡ ಹೆಂಡತಿಯ ಒಂದೇ ಒಂದು ಚಿತ್ರ ತೆಗೆದವನಲ್ಲ. ಕಿನುಯೆ ಕೇಳಿ ಕೇಳಿ ಬಿಟ್ಟುಬಿಟ್ಟಳು. ರೀಲು ತೊಳೆಯುವುದು, ಪ್ರಿಂಟು ಹಾಕುವುದು ಮಾತ್ರ ಎಲ್ಲ ಅವಳ ಕೈಯದೇ. ಅವನು ಹೊರಗೆ ನೋಡಿದ್ದನ್ನು ಇವಳು ಕತ್ತಲೆ ಕೋಣೆಯಲ್ಲಿ ನೋಡಬೇಕು. ಅದೂ ಒಂದು ಸಂಸಾರ.

ಕೊನೆಯ ಚಳಿಗಾಲದಲ್ಲಿ ಅವನಿಗೊಂದು ಹೊಸ ಚಾಳಿ ಹತ್ತಿತು. ಮುಸ್ಸಂಜೆಯಾದರೆ ಕ್ಯಾಮೆರಾ, ಮುಕ್ಕಾಲಿ ಹೆಗಲಿಗೇರಿಸಿ ಮಾಯ. ಎಲ್ಲಿಗೆಂದು ಕೇಳಿದರೆ "ಇಲ್ಲೇ" ಎನ್ನುವನು. ಆ ಸಂಜೆಗಳ ರೀಲನ್ನು ತೊಳೆಯಲು ಕೊಡಲೇ ಇಲ್ಲ. ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ಎಲ್ಲೋ ಯಾರನ್ನೋ ಮಾಡಿಕೊಂಡಿದ್ದಾನೆ ಎಂದರು. ಹಾಗೆನ್ನುತ್ತಿರುವಾಗಲೇ ಒಂದು ದಿನ ಸೂಜಿಯೆಲೆಯ ಫರ್ ಮರಗಳ ತೋಪಿನಲ್ಲಿ, ಮುಕ್ಕಾಲಿಯ ಬುಡದಲ್ಲಿ, ಎದೆಬಡಿತ ನಿಂತು ಕುಳಿತಲ್ಲೇ ಸತ್ತಿದ್ದ.

ಕ್ಯಾಮೆರಾದೊಳಗೆ ರೀಲು ಇತ್ತು. ಕಿನುಯೆ ಅದನ್ನು ಮುಟ್ಟಲಿಲ್ಲ. ಅವನು ಬೇರೊಬ್ಬಳ ಮನೆಗೆ ಹೋಗುತ್ತಿದ್ದ ಎಂದಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದಳು. ತನಗೆ ಸಿಗದ ಆ ಒಂದು ಚಿತ್ರ ಇನ್ನೊಬ್ಬಳಿಗೆ ಸಿಕ್ಕಿದ್ದರೆ ಅದನ್ನು ನುಂಗಲಾರಳು. ಕೊನೆಗೆ ಪೇಟೆಯಲ್ಲಿ ಫೋಟೊ ಅಂಗಡಿ ಇಟ್ಟಿದ್ದ ಮೈದುನ ಎಯ್ಜೊ ಬಂದು ಕೂತ.

"ಒಂದು ರೀಲಿಗೆ ಯಾಕೆ ಅತ್ತಿಗೆ ಇಷ್ಟು ಹೆದರ್ತೀರಿ? ಅದರಲ್ಲೇನು ಹಾವಿದೆಯಾ?"

"ಹಾವಾಗಿದ್ರೆ ಹೊಡೆದು ಹಾಕ್ತಿದ್ದೆ. ಅದರಲ್ಲಿ ಯಾವಳಾದ್ರೂ ಇದ್ರೆ ಏನು ಮಾಡ್ಲಿ?"

"ಅಣ್ಣನ ರೀಲಲ್ಲಿ ಹೆಂಗಸಾ? ಮದುವೆ ದಿನಾನೂ ನಿಮ್ಮನ್ನ ಬಿಟ್ಟು ಕಿಟಕಿಯಾಚೆ ಹಿಮ ನೋಡ್ತಾ ಕೂತಿದ್ದ ಆಸಾಮಿ."

"ಅದಕ್ಕೇ ಕಣೋ ಭಯ. ಅಂಥವರು ಒಬ್ಬಳನ್ನ ನೋಡಿದ್ರು ಅಂದ್ರೆ ಸುಮ್ನೆ ನೋಡಿರಲ್ಲ."

ಆದರೂ ಎದ್ದಳು. ರೀಲು ತೊಳೆದು ಒಣಗಿಸಿದರು. ಮಧ್ಯಾಹ್ನ ಇಬ್ಬರೂ ಕತ್ತಲೆ ಕೋಣೆಯ ಕೆಂಪು ದೀಪದಡಿ ನಿಂತು ಮೊದಲ ಕಾಗದವನ್ನು ಮದ್ದಿನ ನೀರಿಗೆ ಬಿಟ್ಟರು. ಚಿತ್ರದಲ್ಲಿ ಕಪ್ಪು ಮೊದಲು ಮೂಡುತ್ತದೆ. ಫರ್ ಮರಗಳು ಒಂದೊಂದೇ ಎದ್ದು ನಿಂತವು. ಆ ಕಪ್ಪಿನ ನಡುವೆ ಒಂದಿಷ್ಟು ಜಾಗ ಮಾತ್ರ ಕಪ್ಪಾಗಲೇ ಇಲ್ಲ. ನೋಡನೋಡುತ್ತ ಅದು ಹೆಂಗಸಾಯಿತು. ಬಿಳಿ ಬಟ್ಟೆಯ ಹೆಂಗಸು, ಸೊಂಟದ ಕೆಳಗೆ ಏನೂ ಇಲ್ಲ.

ಹೊಕ್ಕೈದೊ ಕಡೆ ದೆವ್ವಕ್ಕೆ ಕಾಲಿರುವುದಿಲ್ಲ. ಎಯ್ಜೊ ಎರಡು ಹೆಜ್ಜೆ ಹಿಂದೆ ಸರಿದ.

"ಸಾಕು ಬಿಡಿ ಅತ್ತಿಗೆ."

"ದೆವ್ವಾನೋ ಹೆಂಗಸೋ, ಮುಖ ನೋಡದೆ ಬಿಡಲ್ಲ," ಎಂದಳು ಕಿನುಯೆ.

ಇನ್ನೊಂದು ಕಾಗದ ಬಿಟ್ಟಳು. ಬೇರೆ ತೋಪು, ಅವಳೇ. ಮತ್ತೊಂದರಲ್ಲಿ ಮರಗಳಿಗಿಂತ ಎತ್ತರಕ್ಕೆ ನಿಂತು ನೇರ ಕ್ಯಾಮೆರಾದತ್ತ ನೋಡುತ್ತಿದ್ದಳು, ಕಾಯುವವಳಂತೆ. ಮುಖ ಮಾತ್ರ ಮಬ್ಬು. ನಾಲ್ಕನೆಯದರಲ್ಲಿ ಹೆಂಗಸಿನ ಹೆಗಲ ಪಕ್ಕ ಏನೋ ಸಾಲಾಗಿ ತೂಗುತ್ತಿತ್ತು. ಕಿನುಯೆ ಭೂತಗನ್ನಡಿ ಹಿಡಿದು ಬಗ್ಗಿದಳು. ಮೂಲಂಗಿ. ಸೂರಿಗೆ ಕಟ್ಟಿ ಒಣಹಾಕಿದ ಮೂಲಂಗಿ. ಕಾಡಿನ ನಡುವೆ ಮೂಲಂಗಿ ಯಾರು ಒಣಹಾಕುತ್ತಾರೆ? ಆ ಗಂಟು ಕಿನುಯೆ ಕಟ್ಟಿದ್ದೇ. ತೋಳಿಗೆ ತೇಪೆ ಹಾಕಿದ ಅಡುಗೆಗೆ ತೊಡುವ ಆ ಬಿಳಿ ಅಂಗಿಯೂ ಅವಳದೇ.

"ಎಯ್ಜೊ, ಇದು ನಾನು."

ಅವನು ನೆಗೆಟಿವ್‌ಗಳನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ. "ರೀಲು ಎರಡು ಸಲ ಓಡಿದೆ ಅತ್ತಿಗೆ. ಮೊದಲು ನಿಮ್ಮನ್ನ ತೆಗೆದಿದ್ದಾನೆ. ಸುತ್ತಿಟ್ಟಾಗ ತುದಿ ಹೊರಗೇ ಬಿಟ್ಟಿದ್ದಾನೆ. ಆಮೇಲೆ ಹೊಸದು ಅಂತ ಅದನ್ನೇ ಮತ್ತೆ ಹಾಕಿದ್ದಾನೆ."

ಮುಗಿದ ರೀಲಿನ ತುದಿ ಗುರುತಿಗೆ ಮಡಚಿಡಬೇಕೆಂದು ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದವನಿಗೂ ಗೊತ್ತು. ಈ ಮನುಷ್ಯನಿಗೆ ಮಾತ್ರ ನಾಚಿಕೆ. ತೊಳೆಯಲು ಕೊಟ್ಟರೆ ಅವಳೇ ನೋಡಿಬಿಡುತ್ತಾಳಲ್ಲ! ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿ, ಕೊನೆಗೆ ತಾನೇ ಮರೆತು, ಅವಳ ಮೇಲೆ ಹಿಮ ಸುರಿದಿದ್ದ. ಹಿಮವಿದ್ದಲ್ಲೆಲ್ಲ ಅವಳು ಅಳಿಸಿಹೋಗಿದ್ದಳು. ಮರಗಳ ಕಪ್ಪಿನೊಳಗೆ ಮಾತ್ರ ಉಳಿದಿದ್ದಳು.

ಕಿನುಯೆಗೆ ಆ ಸಂಜೆಗಳು ನೆನಪಾದವು. ಅಡುಗೆಮನೆ ಬಾಗಿಲು ತೆಗೆದು, ದೀಪದಡಿ ನಿಂತು, "ಏನ್ರೀ, ಊಟ ಆರ್ತಾ ಇದೆ" ಎಂದು ಕತ್ತಲಿಗೆ ಕೂಗುವಳು. ಸದ್ದಿಲ್ಲ. ಕಿವುಡ ಮುಂಡೇದು ಎಂದು ಬೈದುಕೊಂಡು, ಬಂದಾನೆಂದು ದಾರಿ ನೋಡುತ್ತ ನಿಂತೇ ಇರುವಳು.

"ಅಂಗಳದಲ್ಲೇ ನಿಂತಿದ್ದರಲ್ಲೋ ಈ ಮಹಾನುಭಾವರು. ಒಂದು ಸಲ ಓ ಅಂದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?" ಎಂದು ಗೋಳೋ ಎಂದು ಅತ್ತಳು.

"ಓ ಅಂದಿದ್ರೆ ನೀವು ಒಳಗೆ ಹೋಗ್ಬಿಡ್ತಿದ್ರಿ. ಆ ಮಬ್ಬಲ್ಲಿ ಚಿತ್ರ ಕೂರೋದಕ್ಕೆ ತುಂಬಾ ಹೊತ್ತು ಅಲ್ಲಾಡದೆ ನಿಂತಿರಬೇಕು ಅತ್ತಿಗೆ."

ಕಿನುಯೆ ಕೋಣೆಯಿಂದ ಹೊರಬಂದಾಗ ಹೊತ್ತು ಮುಳುಗುತ್ತಿತ್ತು. ಮುಖ ತೊಳೆದಳು. ತಲೆ ಬಾಚಿದಳು. ಅಡುಗೆಮನೆಯ ದೀಪ ಹಚ್ಚಿ ಬಾಗಿಲು ತೆರೆದಳು. ಅಂಗಳದ ತುಂಬ ಹಿಮ, ಆಚೆ ಕತ್ತಲು. ಕೂಗಲಿಲ್ಲ. ಗದ್ದ ಒಂದಿಷ್ಟು ಎತ್ತಿ ನಿಂತಳು.

ತಟ್ಟೆ ಹಾಕಿಕೊಂಡು ಕುಳಿತ ಎಯ್ಜೊ, "ಚಳಿ ಎಲ್ಲ ಒಳಗೆ ಬರ್ತಿದೆ, ಬಾಗಿಲು ಹಾಕಿ ಅತ್ತಿಗೆ" ಎಂದ.

"ತಡಿ," ಎಂದಳು, ಆದಷ್ಟು ತುಟಿ ಅಲ್ಲಾಡಿಸದೆ.