ದೋಣಿಯಲ್ಲಿ ಯಾನಿನಾಳ ದೀಪ

ಸರ್ಕಾರ ಮಕ್ಕಳಿಗೆಲ್ಲ ಕೊಟ್ಟ ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಲೆಕ್ಕ ಕಲಿಸುವ ಆಟವೊಂದಿತ್ತು. ಇಡೀ ತರಗತಿಗೆ ಒಂದೇ ದೋಣಿ. ಪ್ರತಿ ಮಗುವಿಗೂ ಅದರಲ್ಲೊಂದು ಹುಟ್ಟು, ಹುಟ್ಟಿನ ಪಕ್ಕ ಹೆಸರು, ಹೆಸರಿನ ಮೇಲೊಂದು ಸಣ್ಣ ದೀಪ. ಮಗು ಲೆಕ್ಕಕ್ಕೆ ಕೂತರೆ ದೀಪ ಹೊತ್ತಿಕೊಳ್ಳುತ್ತಿತ್ತು. ಎಲ್ಲರ ಉತ್ತರವೂ ಸರಿಯಾದರೆ ಮಾತ್ರ ದೋಣಿ ಮುಂದಿನ ದ್ವೀಪಕ್ಕೆ ಹೊರಡುತ್ತಿತ್ತು. ಜಾಣರು ದಡ್ಡರನ್ನು ಬಿಟ್ಟು ಓಡುವಂತಿರಲಿಲ್ಲ. ಸುಲ್ಮಾ ಟೀಚರ್‌ಗೆ ಆಟ ಹಿಡಿಸಿದ್ದೇ ಈ ಕಾರಣಕ್ಕೆ. ಈ ವರ್ಷ ಅವರ ನೆಮ್ಮದಿ ಕೆಡಿಸಿದ್ದೂ ಅದೇ.

ಅಲ್ಲಿ ಬೇಸಿಗೆಯಾಗಿರುವ ಜನವರಿಯ ರಜೆಯಲ್ಲಿ ಆ ತರಗತಿಯ ಯಾನಿನಾ ಊರ ತೊರೆಯಲ್ಲಿ ಮುಳುಗಿ ತೀರಿಹೋದಳು. ಮಾರ್ಚಿನಲ್ಲಿ ಶಾಲೆ ತೆರೆದಾಗ ದೋಣಿಯಿಂದ ಅವಳ ಹೆಸರು ತೆಗೆಯಬೇಕಿತ್ತು. ದೊಡ್ಡ ಕೆಲಸವೇನಲ್ಲ. ಹೆಸರು ಒತ್ತಿದರೆ, ‘ಈ ವಿದ್ಯಾರ್ಥಿಯನ್ನು ತೆಗೆದುಹಾಕಬೇಕೆ?’ ಎಂದು ಅದೇ ಕೇಳುತ್ತದೆ. ‘ಹೌದು’ ಎಂದರೆ ಮುಗಿಯಿತು. ಸುಲ್ಮಾರ ಬೆರಳು ಅಲ್ಲಿಯವರೆಗೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಆ ಮನೆಗೆ ಹೋಗಿ ಮಗುವಿನ ಲ್ಯಾಪ್‌ಟಾಪ್ ವಾಪಸು ಕೊಡಿ ಎಂದು ಕೇಳುವುದಕ್ಕೂ ಅವರಿಗೆ ಬಾಯಿ ಬರಲಿಲ್ಲ.

ಹೋದ ವರ್ಷ ಬಿಟ್ಟಲ್ಲೇ, ಭಿನ್ನರಾಶಿಯ ದ್ವೀಪದಲ್ಲಿ ದೋಣಿ ನಿಂತಿದ್ದ ಒಂದು ಮಧ್ಯಾಹ್ನ, ಗೋಡೆಯ ದೊಡ್ಡ ಪರದೆಯ ಮೇಲೆ ಆ ದೀಪ ಹೊತ್ತಿತು.

“ಟೀಚರ್, ಯಾನಿನಾ ಬಂದ್ಳು,” ಎಂದ ಮೈಕೋಲ್. ತಡವಾಗಿ ಬಂದವಳು ಬಾಗಿಲಲ್ಲಿ ನಿಂತಿದ್ದಾಳೆ ಎನ್ನುವ ಧಾಟಿಯಲ್ಲೇ ಹೇಳಿದ.

ಸುಲ್ಮಾ ಪರದೆಯ ಕಡೆ ತಿರುಗಿದರು. ಅರ್ಧಕ್ಕೆ ಕಾಲು ಸೇರಿಸಿದರೆ ಎಷ್ಟು ಎಂಬ ಪ್ರಶ್ನೆಯ ಕೆಳಗೆ, ಯಾನಿನಾಳ ಹೆಸರಿನ ಎದುರು ಉತ್ತರ ಮೂಡಿತು: ಆರರಲ್ಲಿ ಎರಡು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಹೋದ ವರ್ಷವಿಡೀ ಸುಲ್ಮಾ ಎಷ್ಟು ತಿದ್ದಿದರೂ ಆ ಹುಡುಗಿ ಬಿಡದ ತಪ್ಪು ಅದು.

“ಅವಳೇ ಕಣ್ರೋ,” ಎಂದು ಫಿಯೊರೆಲ್ಲಾ ಪಿಸುಗುಟ್ಟಿದಳು. “ಹೀಗೆ ಕೂಡಿಸೋಳು ಅವಳೊಬ್ಳೇ.”

“ಅಲ್ಲೂ ಹೋಗಿ ಕಲೀಲಿಲ್ವಲ್ಲೇ!” ಎಂದ ಮೈಕೋಲ್. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

‘ಇನ್ನೊಂದು ಸಲ ನೋಡು, ಯಾನಿನಾ!’ ಎಂದು ಆಟ ಉತ್ಸಾಹದಿಂದ ಕೂಗಿತು. ದೀಪ ಆರಿತು.

ಅಂದಿನಿಂದ ಲೆಕ್ಕದ ಹೊತ್ತಿಗೆ ದೀಪ ಹೊತ್ತುವುದು, ಅದೇ ತಪ್ಪು ಮೂಡುವುದು, ದೀಪ ಆರುವುದು. ಮಕ್ಕಳು ಹೆದರಲಿಲ್ಲ. ಅವಳ ಬೆಂಚಿನ ಜಾಗ ಒರೆಸಿ ಖಾಲಿ ಬಿಟ್ಟರು. ಅವಳನ್ನು ಬಿಟ್ಟು ದೋಣಿ ಹೊರಡಕೂಡದು ಎಂದು ಹಟ ಹಿಡಿದರು. ಶಾಲೆಯ ಬಿಳಿ ಮೇಲಂಗಿಯ ಕೊರಳಿಗೆ ನೀಲಿ ರಿಬ್ಬನ್ ಗಂಟು ಹಾಕಿಕೊಳ್ಳುತ್ತ, “ಇವತ್ತಾದ್ರೂ ಸರಿ ಮಾಡ್ತಾಳೆ ನೋಡ್ತಿರು,” ಎಂದು ಮಾತಾಡಿಕೊಳ್ಳುತ್ತಿದ್ದರು. ಹೆದರಿದ್ದು ಸುಲ್ಮಾ ಒಬ್ಬರೇ. ಖಾಲಿ ತರಗತಿಯಲ್ಲಿ ಆ ಪರದೆಗೆ ಬೆನ್ನು ಕೊಟ್ಟು ನಿಲ್ಲುವುದಕ್ಕೂ ಅವರಿಗೆ ಅಂಜಿಕೆಯಾಗುತ್ತಿತ್ತು.

ಉಳಿದ ಶಾಲೆಗಳ ದೋಣಿಗಳೆಲ್ಲ ಮುಂದೆ ಹೋದವು. ಜಿಲ್ಲಾ ಕಚೇರಿಯಿಂದ ಫೋನ್ ಬಂತು.

“ಟೀಚರ್, ನಿಮ್ಮ ದೋಣಿಗೆ ಬೇರು ಬಂದಿದೆಯಾ? ಆ ಮಗು ವಿಷಯ ಗೊತ್ತಾಯ್ತು, ಪಾಪ. ಆದ್ರೆ ಉಳಿದೋರು ಏನ್ ಮಾಡ್ಬೇಕು? ಶುಕ್ರವಾರ ಸಂಜೆಯೊಳಗೆ ದೋಣಿ ಹೊರಡದಿದ್ರೆ ಆ ಹೆಸರು ಇಲ್ಲಿಂದ ನಾವೇ ತೆಗೀತೀವಿ. ನಿಮಗೆ ಕಷ್ಟ ಬೇಡ.”

ಶುಕ್ರವಾರ ದೀಪ ಹೊತ್ತಿದಾಗ ಸುಲ್ಮಾರಿಗೆ ಹೆದರಿಕೆಗಿಂತ ಸಿಟ್ಟು ಮೇಲಾಯಿತು. ಸಿಟ್ಟು ಬಂದರೆ ಬುದ್ಧಿಯೂ ಓಡುತ್ತದೆ. ಊರಿನ ಯಾವ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ. ಸಂಜೆಯಾದರೆ ಊರಿಗೆ ಊರೇ ಶಾಲೆಯ ಗೋಡೆಗೆ ಒರಗಿ ಕೂತು ಸಿಗ್ನಲ್ ಹಿಡಿಯುತ್ತಿತ್ತು. ಶಾಲೆಯ ಆಂಟೆನಾ ಎಟುಕುವುದು ನೀಲಗಿರಿ ಮರಗಳ ಸಾಲಿನವರೆಗೆ ಮಾತ್ರ. ದೀಪ ಹೊತ್ತಬೇಕಾದರೆ ಆ ಲ್ಯಾಪ್‌ಟಾಪ್ ಹಿಡಿದವರು ಅಷ್ಟರೊಳಗೇ ಇರಬೇಕು. ದೆವ್ವಕ್ಕೆ ಆಂಟೆನಾ ಯಾಕೆ ಬೇಕು? ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡು, ಮಕ್ಕಳಿಗೆ ಸುಮ್ಮನಿರಲು ಹೇಳಿ, ಅವರು ಹೊರಗೆ ನಡೆದರು.

ಕೊನೆಯ ಮರದ ಹಿಂದೆ, ತರಗತಿಯ ಕಿಟಕಿಗೆ ಕಾಣದ ಹಾಗೆ, ಯಾನಿನಾಳ ತಾಯಿ ನಿಲ್ಸಾ ಹುಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆಬುರುಡೆ, ಬಿಸಿನೀರಿನ ಫ್ಲಾಸ್ಕ್. ಮಡಿಲಲ್ಲಿ ಮಗಳ ಲ್ಯಾಪ್‌ಟಾಪ್. ಟೀಚರನ್ನು ಕಂಡೊಡನೆ ಅದನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡಳು.

“ಕಿತ್ಕೋಬೇಡಿ ಟೀಚರ್.”

“ಕಿತ್ಕೊಳ್ಳೋಕೆ ಬಂದಿಲ್ಲ ನಿಲ್ಸಾ.” ಸುಲ್ಮಾ ಪಕ್ಕದಲ್ಲಿ ಕುಸಿದು ಕೂತರು. “ನಾನು ಏನೇನೋ ಅಂದ್ಕೊಂಡಿದ್ದೆ.”

“ಇದನ್ನ ತೆರೆದ್ರೆ ಅವಳ ಹೆಸರು ಹಿಡಿದು ಕೂಗುತ್ತೆ. ಮನೇಲಿ ಈಗ ಯಾರೂ ಆ ಹೆಸರು ಎತ್ತಲ್ಲ. ಅವರಪ್ಪ ಎದ್ದು ಹೊರಗೆ ಹೋಗ್ತಾರೆ.” ನಿಲ್ಸಾ ಏಪ್ರನ್ನಿನ ಮೇಲಿಂದಲೇ ಅದನ್ನು ಅಂಗೈಯಿಂದ ಸವರಿದಳು. “ಅದಕ್ಕೇ ಬರ್ತೀನಿ.”

ಸುಲ್ಮಾ ಮೆಲ್ಲಗೆ ಹೇಳಿದರು: “ಆ ಲೆಕ್ಕ ನಾನು ಹೇಳಿಕೊಡ್ತೀನಿ. ಅರ್ಧ, ಕಾಲು...”

“ಮುಕ್ಕಾಲು,” ಎಂದಳು ನಿಲ್ಸಾ ತಟ್ಟನೆ. “ದಿನಾ ಗಿಣ್ಣು ತೂಗಿ ಮಾರೋಳು ನಾನು. ಅರ್ಧ ಕಿಲೋಗೆ ಕಾಲು ಕಿಲೋ ಹಾಕಿದ್ರೆ ಎಷ್ಟು ಅಂತ ನಂಗೆ ಗೊತ್ತಿಲ್ವಾ?”

“ಮತ್ತೆ ಯಾಕೆ...”

“ಅವಳು ಅಡುಗೆಮನೇಲಿ ಕೂತು ನಂಗೆ ಪಾಠ ಮಾಡೋಳು, ಥೇಟ್ ನಿಮ್ಮ ಹಾಗೇ ಬೆರಳು ತೋರಿಸ್ಕೊಂಡು. ‘ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ, ಗೊತ್ತಾಯ್ತೇನಮ್ಮಾ?’ ಅನ್ನೋಳು. ನಾನು ಮುಕ್ಕಾಲು ಅಂತ ಬರೆದ್ರೆ ಅದು ನಾನು ಬರೆದ ಹಾಗೆ. ಆರರಲ್ಲಿ ಎರಡು ಅಂತ ಬರೆದ್ರೇನೇ ಅವಳು.”

ಆದರೂ ಸುಲ್ಮಾ ಹೇಳಲೇಬೇಕಿತ್ತು, ಹೇಳಿದರು. ದೋಣಿಯ ವಿಷಯ, ಖಾಲಿ ಬೆಂಚಿನ ವಿಷಯ, ಅವಳನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದ ಮಕ್ಕಳ ವಿಷಯ. ಕೊನೆಗೆ ಕಚೇರಿಯ ಫೋನಿನ ವಿಷಯ. ಇವತ್ತು ಸರಿ ಉತ್ತರ ಬಂದರೆ ಯಾನಿನಾ ಎಲ್ಲರ ಜೊತೆ ಮುಂದೆ ಹೋಗುತ್ತಾಳೆ, ಇಲ್ಲದಿದ್ದರೆ ಸಂಜೆಗೆ ಆ ಹೆಸರೇ ಇರುವುದಿಲ್ಲ.

ನಿಲ್ಸಾ ಬುರುಡೆಯನ್ನು ದೂರ ಸರಿಸಿದಳು. “ಅಂದ್ರೆ ಹೆಸರು ಉಳೀಬೇಕಾದ್ರೆ ತಪ್ಪು ಬಿಡ್ಬೇಕು ಅಂತೀರಾ?”

“ನಾನು ಅಂತಿಲ್ಲಮ್ಮ. ಆಟ ಇರೋದೇ ಹಾಗೆ.”

ನಿಲ್ಸಾ ಏಪ್ರನ್ ಸರಿಸಿ, ಒಂದೇ ಬೆರಳಿನಲ್ಲಿ ಮೂರು ಒತ್ತಿದಳು. ಬೆರಳು ತಡೆಯಿತು. ನಾಲ್ಕು ಒತ್ತಿದಳು. ‘ಶಹಬ್ಬಾಸ್, ಯಾನಿನಾ!’ ಎಂದಿತು ಆಟ. ಮರುಕ್ಷಣವೇ ಶಾಲೆಯ ಕಡೆಯಿಂದ ಬೊಬ್ಬೆ ಎದ್ದಿತು. ಮಕ್ಕಳು ಬೆಂಚು ಬಡಿಯುತ್ತಿದ್ದರು, ಯಾನಿನಾ ಯಾನಿನಾ ಎಂದು ಕಿರುಚುತ್ತಿದ್ದರು. ಆ ಹೆಸರು ಬಯಲಿನುದ್ದಕ್ಕೂ ಕೇಳಿಸಿತು. ನಿಲ್ಸಾ ಕಣ್ಣು ಮುಚ್ಚಿ ಅದನ್ನು ಪೂರ್ತಿ ಕೇಳಿಸಿಕೊಂಡಳು. ಸುಲ್ಮಾ ನಾಚಿಕೆ ಬಿಟ್ಟು ಅತ್ತರು.

ಪರದೆಯಲ್ಲಿ ದೋಣಿ ಹೊಸ ದ್ವೀಪ ಮುಟ್ಟಿತು. ಹೊಸ ಲೆಕ್ಕ ತೆರೆದುಕೊಂಡಿತು: ನೂರಕ್ಕೆ ಇಷ್ಟು ಎಂದಾದರೆ ಇನ್ನೂರೈವತ್ತಕ್ಕೆ ಎಷ್ಟು ಎನ್ನುವಂಥದ್ದು. ನಿಲ್ಸಾ ಬೆರಳೆತ್ತಿದವಳು ಹಾಗೇ ತಡೆದಳು. ಪರದೆಯನ್ನು ನೋಡಿದಳು, ಟೀಚರ ಮುಖ ನೋಡಿದಳು.

“ಟೀಚರ್, ಇದು ಅವಳು ಕಲಿತೇ ಇರ್ಲಿಲ್ಲ. ನೀವು ಅವಳನ್ನ ಬಲ್ಲೋರು, ನೀವೇ ಹೇಳಿ. ಇದ್ರಲ್ಲಿ ಅವಳು ಏನು ತಪ್ಪು ಮಾಡ್ತಿದ್ಳು?”