ಆರು ವರ್ಷದವರೆಗಿನ ಸೀಟು

"ಮಗು ಎಷ್ಟು ಎತ್ತರ ಇದೆ?" ಎಂದು ಮಕ್ಕಳ ಸಾಮಾನಿನ ಅಂಗಡಿಯ ಹೆಂಗಸು ಕೇಳಿದಳು.

ರೌನೊ ಹೆಂಡತಿಯ ಮುಖ ನೋಡಿದ. ಮಿರ್ಯಾ ಎರಡೂ ಕೈಗಳನ್ನು ಮುಂದೆ ಚಾಚಿ ಗಾಳಿಯಲ್ಲಿ ಒಂದು ಅಳತೆ ಹಿಡಿದಳು. ಅದನ್ನು ಸ್ವಲ್ಪ ಹಿಗ್ಗಿಸಿದಳು. ಕೊನೆಗೆ ಕೈ ಕೆಳಗಿಳಿಸಿಬಿಟ್ಟಳು.

"ಗೊತ್ತಿಲ್ಲ."

"ತೂಕ?"

"ಅದೂ ಗೊತ್ತಿಲ್ಲ. ಹುಡುಗ. ಹದಿನಾಲ್ಕು ತಿಂಗಳಂತೆ. ಹೆಸರು ಯೂಸೊ."

ಹೆಂಗಸು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಇಬ್ಬರನ್ನೂ ನೋಡಿದಳು. ಐವತ್ತು ದಾಟಿದ ಗಂಡ ಹೆಂಡತಿ. ಗಂಡನ ಮೈಮೇಲೆ ಪುರಸಭೆಯ ಹಿಮ ಗೋರುವ ಗಾಡಿಯವರು ತೊಡುವ ಹಳದಿ ಜಾಕೆಟ್ಟಿತ್ತು. ಹೆಂಡತಿ ಶಾಲೆಯ ಅಡುಗೆಮನೆಯಿಂದ ನೇರ ಬಂದಿದ್ದಳು. ಕೂದಲಿಗೆ ಕಟ್ಟಿದ ಬಲೆಯನ್ನು ತೆಗೆಯುವುದನ್ನೂ ಮರೆತಿದ್ದಳು.

"ಮೊಮ್ಮಗನಾ?"

"ಅಲ್ಲ. ನಾವಿನ್ನೂ ನೋಡೇ ಇಲ್ಲ ಅವನನ್ನ," ಎಂದಳು ಮಿರ್ಯಾ. "ಅವನ ತಾಯಿಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಆಗ್ತಿಲ್ಲ. ಮಕ್ಕಳ ರಕ್ಷಣೆಯವರು ಬೆಳಿಗ್ಗೆ ಫೋನ್ ಮಾಡಿದ್ರು. ಮಧ್ಯಾಹ್ನ ಕುವೋಪಿಯೊಗೆ ಹೋಗಿ ಕರ್ಕೊಂಡು ಬರ್ಬೇಕು."

"ಓ," ಎಂದಳು ಹೆಂಗಸು. ಅವಳ ದನಿ ಬದಲಾಯಿತು. ಕೌಂಟರಿನ ಹಿಂದಿನಿಂದ ಬಂದು ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಎರಡು ಸೀಟುಗಳನ್ನು ಎತ್ತಿ ನೆಲದ ಮೇಲೆ ಅಕ್ಕಪಕ್ಕ ಇಟ್ಟಳು. "ನೋಡಿ, ಇದು ಚಿಕ್ಕದು. ಹಿಡಿ ಇದೆ, ಮಗು ಸಮೇತ ಎತ್ಕೊಂಡು ಹೋಗ್ಬಹುದು. ಆದ್ರೆ ಹದಿನಾಲ್ಕು ತಿಂಗಳು ಅಂದ್ರೆ ಇದರ ಕಾಲ ಮುಗೀತಾ ಬಂತು ಅಂತಲೇ. ಮಗು ಸಣ್ಣಗಿದ್ರೆ ಇನ್ನೆರಡು ತಿಂಗಳು ಬಂದೀತು. ಇದು ದೊಡ್ಡದು. ಹೆಚ್ಚು ಕಡಿಮೆ ಆರು ವರ್ಷದವರೆಗೂ ಬರುತ್ತೆ, ಅಲ್ಲೀವರೆಗೂ ಹಿಂದಕ್ಕೆ ಮುಖ ಮಾಡಿಯೇ ಕೂರಿಸ್ಬಹುದು. ಹಾಗೆ ಕೂರಿಸಿದ್ರೇ ಕುತ್ತಿಗೆಗೆ ಕ್ಷೇಮ. ನಿಮಗೆ ಎಷ್ಟು ದಿನಕ್ಕೆ ಬೇಕು?"

ದಿನಕ್ಕೆ ಹತ್ತು ಜನರಿಗೆ ಅವಳು ಕೇಳುವ ಪ್ರಶ್ನೆ ಅದು. ಮಿರ್ಯಾ ಬಗ್ಗಿ ದೊಡ್ಡ ಸೀಟಿನ ತಲೆದಿಂಬಿನ ಮೇಲೆ ಅಂಗೈ ಇಟ್ಟಳು.

"ಚಿಕ್ಕದು ಸಾಕು," ಎಂದ ರೌನೊ. "ಕೆಲವು ವಾರದ ಮಾತು."

"ಅವರು ಹೇಳಿದ್ದು ಕೇಳಿಸ್ತಾ? ಮಗು ಉದ್ದ ಇದ್ರೆ?"

"ಹದಿನಾಲ್ಕು ತಿಂಗಳ ಕೂಸು ಕಣೇ. ಎಷ್ಟು ಉದ್ದ ಇರುತ್ತೆ, ಕರೆಂಟ್ ಕಂಬದಷ್ಟಾ?"

ಹೆಂಗಸು ನಗು ತಡೆದುಕೊಂಡಳು. "ಸರಿಹೋಗದಿದ್ರೆ ವಾಪಸ್ ತನ್ನಿ. ಒಂದು ನೆನಪಿರಲಿ, ಮಗುವಿನ ತಲೆ ಈ ಅಂಚಿಗಿಂತ ಮೇಲೆ ಬರ್ಬಾರ್ದು. ಮತ್ತೆ, ದಪ್ಪ ಚಳಿಯಂಗಿ ಹಾಕಿಸಿ ಬೆಲ್ಟ್ ಕಟ್ಬೇಡಿ. ಬಿಗಿಯಾಗಿದೆ ಅನ್ಸುತ್ತೆ, ಒಳಗೆ ಸಡಿಲ ಇರುತ್ತೆ."

"ಗೊತ್ತು," ಎಂದ ರೌನೊ. ಸೀಟಿನ ಹಿಡಿಗೆ ಮೊಣಕೈ ತೂರಿಸಿ ಎತ್ತಿಕೊಂಡ ರೀತಿಯಲ್ಲೇ ಅವನಿಗೆ ಗೊತ್ತಿದೆಯೆಂಬುದು ಅವಳಿಗೆ ತಿಳಿಯಿತು.

ಅವರ ಮನೆಯಲ್ಲಿ ಮೊದಲು ಒಂದು ಸೀಟು ಇತ್ತು. ಮಕ್ಕಳ ರಕ್ಷಣೆಯವರು ಹೀಗೇ ಸಾಕಲು ಕೊಟ್ಟಿದ್ದ ಸೆಲ್ಮಾಳದು. ಆರು ತಿಂಗಳ ಕೂಸಾಗಿ ಬಂದವಳು ಎರಡೂವರೆ ವರ್ಷ ಇದ್ದು, ಹೋದ ವಸಂತದಲ್ಲಿ ಹೆತ್ತ ತಾಯಿಯ ಬಳಿಗೆ ಮರಳಿದ್ದಳು. ಆಗಬೇಕಾದದ್ದೇ ಆಗಿತ್ತು, ತಾಯಿ ಚೇತರಿಸಿಕೊಂಡಿದ್ದಳು, ಕೆಲಸ ಹಿಡಿದಿದ್ದಳು, ಮಗಳಿಗಾಗಿ ಹಂಬಲಿಸಿದ್ದಳು. ಕರೆದೊಯ್ಯಲು ಬಂದ ದಿನ ಆಕೆ ತಂದಿದ್ದ ಸೀಟಿನಲ್ಲಿ ಕೂರಲು ಸೆಲ್ಮಾ ಒಪ್ಪಲಿಲ್ಲ. ರಸ್ತೆಗೆಲ್ಲ ಕೇಳುವಂತೆ ಅತ್ತಳು. ರೌನೊ ತನ್ನ ಕಾರಿನಿಂದ ಅವಳ ಹಳೆಯ ಸೀಟನ್ನು ಬಿಚ್ಚಿ, ತಾಯಿಯ ಕಾರಿಗೆ ತಾನೇ ಕಟ್ಟಿಕೊಟ್ಟ. ಪಟ್ಟಿ ಬಿಗಿಯಾಗಿದ್ದರೂ ಮತ್ತೆ ಎಳೆದ, ಇನ್ನೊಮ್ಮೆ ಎಳೆದ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಗ್ಯಾರೇಜಿಗೆ ಹೋಗಿ, ಏನೂ ಕೆಟ್ಟಿರದ ಹುಲ್ಲು ಕತ್ತರಿಸುವ ಯಂತ್ರವನ್ನು ಪೂರ್ತಿ ಬಿಚ್ಚಿ ಹರವಿಕೊಂಡು ಕುಳಿತ. "ಸಾಕು ಮಿರ್ಯಾ. ಇನ್ನು ನನ್ನ ಕೈಲಾಗಲ್ಲ," ಎಂದು ಊಟಕ್ಕೆ ಕೂತಾಗ ಹೇಳಿದ್ದ. ಅವಳು ಒತ್ತಾಯಿಸಿರಲಿಲ್ಲ. ಈ ದಿನ ಬೆಳಿಗ್ಗೆ ಫೋನು ಬಂದಾಗಲೂ ಅವಳು ತಾನಾಗಿ ಏನೂ ಒಪ್ಪದೆ, ಫೋನಿನ ಮೇಲೆ ಕೈ ಮುಚ್ಚಿ ಅವನನ್ನೇ ನೋಡಿದ್ದಳು. ಅವನು ಕಾಫಿ ಲೋಟದೊಳಗೆ ನೋಡುತ್ತ, "ಸ್ವಲ್ಪ ದಿನಕ್ಕೆ ತಾನೆ? ಹೂಂ ಅನ್ನು," ಎಂದಿದ್ದ.

ಕುವೋಪಿಯೊ ನಗರಕ್ಕೆ ಹೋಗುವ ರಸ್ತೆ ಕರಗಿದ ಹಿಮದಿಂದ ಕೆಸರಾಗಿತ್ತು. ಮುಂದೆ ಹೋಗುವ ಲಾರಿಗಳು ಕಾರಿನ ಗಾಜಿಗೆ ಬೂದು ನೀರು ಎರಚುತ್ತಿದ್ದವು. ರೌನೊ ದಾರಿಯುದ್ದಕ್ಕೂ ಅಲ್ಲಿನ ಹಿಮ ಗೋರುವವರ ಕೆಲಸದಲ್ಲಿ ತಪ್ಪು ಹುಡುಕಿದ. ಮಿರ್ಯಾ ಹೂಂಗುಟ್ಟಿದಳು. ಹಿಂದಿನ ಸೀಟಿನ ಮೇಲೆ ಹೊಸ ಚಿಕ್ಕ ಸೀಟು ಖಾಲಿ ಕೂತಿತ್ತು.

ಕುಟುಂಬ ಕೇಂದ್ರದ ಕೆಳಮಹಡಿಯ ಕೋಣೆಯಲ್ಲಿ ಮಕ್ಕಳ ರಕ್ಷಣೆಯ ಹೆನ್ನಾ ಎಂಬ ಅಧಿಕಾರಿ ಅವರಿಗಾಗಿ ಕಾದಿದ್ದಳು. ಮಗು ಕಿಟಕಿಯ ಕೆಳಗಿನ ಬೆಂಚು ಹಿಡಿದು ನಿಂತಿತ್ತು. ಬಾಗಿಲ ಸದ್ದಿಗೆ ತಿರುಗಿ ನೋಡಿತು. ಅಳಲಿಲ್ಲ. ಉದ್ದನೆಯ ಕಾಲು, ಪ್ಯಾಂಟಿನ ತುದಿ ಕಣಕಾಲಿಗಿಂತ ಎಷ್ಟೋ ಮೇಲೆ. ಕತ್ತು ಕೂಡ ಉದ್ದ.

ಮಿರ್ಯಾ ಗಂಡನ ಕಡೆ ನೋಡಿದಳು. "ಕರೆಂಟ್ ಕಂಬ," ಎಂದಳು ಮೆಲ್ಲಗೆ.

"ಅವರಮ್ಮನೂ ಹಾಗೇ, ನನಗಿಂತ ಒಂದು ತಲೆ ಎತ್ತರ," ಎಂದು ಹೆನ್ನಾ ನಕ್ಕಳು.

ಯೂಸೊ ಬೆಂಚು ಬಿಟ್ಟು ನಾಲ್ಕು ಹೆಜ್ಜೆ ತೂರಾಡುತ್ತ ಬಂದ. ನೆಲದ ಮೇಲೆ ಬಿದ್ದಿದ್ದ ತನ್ನದೇ ಒಂದು ಬೂಟು ಎತ್ತಿ ರೌನೊನ ಮೊಣಕಾಲಿಗೆ ಒತ್ತಿದ. ತಗೋ ಎಂದ ಹಾಗೆ. ರೌನೊ ತೆಗೆದುಕೊಂಡ. ಏನು ಮಾಡಬೇಕೆಂದು ತೋಚದೆ ಅದನ್ನು ಹಿಡಿದುಕೊಂಡೇ ನಿಂತ.

ಕಾಗದಗಳಿಗೆ ಸಹಿ ಆದ ಮೇಲೆ ಚಿಕ್ಕ ಸೀಟನ್ನು ಒಳಗೆ ತಂದು ಮಗುವನ್ನು ಕೂರಿಸಿ ನೋಡಿದರು. ಬೇಯಿಸಿದ ಮೊಟ್ಟೆ ನಿಲ್ಲಿಸಿಡುವ ಪುಟ್ಟ ಬಟ್ಟಲಿನಿಂದ ಮೊಟ್ಟೆ ಹೊರಗೆ ನಿಂತ ಹಾಗೆ ಯೂಸೊನ ತಲೆ ಅಂಚಿನ ಮೇಲೆ ನಿಂತಿತು. ಅವನು ಗಂಭೀರವಾಗಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

"ಇದರಲ್ಲಿ ಕಳಿಸೋಕಾಗಲ್ಲ," ಎಂದಳು ಹೆನ್ನಾ. "ನಮ್ಮ ಕಚೇರಿಯ ಸೀಟು ಬೆಳಿಗ್ಗೆ ಇನ್ನೊಂದು ಮಗು ಜೊತೆ ಹೋಗಿದೆ, ಇಲ್ಲದಿದ್ರೆ ಅದನ್ನೇ ಕೊಡ್ತಿದ್ದೆ." ರೌನೊನ ಕಡೆ ತಿರುಗಿದಳು. "ಪರವಾಗಿಲ್ಲ, ನೀವು ಆತುರ ಪಡ್ಬೇಡಿ. ಇವತ್ತು ರಾತ್ರಿ ಇಲ್ಲೇ ಶಿಶುಗೃಹದಲ್ಲಿ ಮಲಗ್ತಾನೆ. ನೀವು ಮನೆಗೆ ಹೋಗಿ ಯೋಚನೆ ಮಾಡಿ. ನಾಳೆ ಆಗುತ್ತೋ ಇಲ್ವೋ, ಒಂದು ಫೋನ್ ಮಾಡಿ ಸಾಕು. ನಾವೇನೂ ತಪ್ಪು ತಿಳ್ಕೊಳ್ಳಲ್ಲ."

ಮನೆಗೆ ಹೋಗಿ ಯೋಚನೆ ಮಾಡಿದರೆ ರೌನೊ ಏನು ಯೋಚಿಸುತ್ತಾನೆಂದು ಮಿರ್ಯಾಳಿಗೆ ಗೊತ್ತಿತ್ತು. ಅವನು ಕೈಯಲ್ಲಿದ್ದ ಬೂಟನ್ನು ಮೇಜಿನ ಮೇಲಿಟ್ಟು, ಖಾಲಿ ಸೀಟನ್ನು ಎತ್ತಿಕೊಂಡು ಹೊರಗೆ ಹೋದ. ಕಾರು ಹೊರಟ ಸದ್ದು ಕೇಳಿಸಿತು.

"ಅವರಿಗೆ ಕಷ್ಟ ಆಗ್ತಿದೆಯಾ?" ಎಂದು ಹೆನ್ನಾ ಕೇಳಿದಳು.

"ಅವನ ಸ್ವಭಾವವೇ ಹಾಗೆ. ಮಾತಾಡ್ಬೇಕಾದಾಗ ಏನನ್ನಾದ್ರೂ ರಿಪೇರಿ ಮಾಡೋಕೆ ಹೋಗ್ತಾನೆ."

ಹೇಳಿದ್ದೇನೋ ಹಗುರವಾಗಿ. ಆದರೆ ಅವನು ಎಲ್ಲಿಗೆ ಹೋದನೆಂದು ಅವಳಿಗೂ ತಿಳಿದಿರಲಿಲ್ಲ. ಸೀಟು ತರಲು ಹೋಗಿರಬಹುದು. ಸರೋವರದ ದಂಡೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿರಲೂಬಹುದು. ಆಮೇಲೆ ಬಂದು, ಕಣ್ಣು ತಪ್ಪಿಸಿ, ನಡಿ ಹೋಗೋಣ ಎನ್ನಬಹುದು. ಬ್ಯಾಗಿನಿಂದ ರೈ ಬ್ರೆಡ್ಡಿನ ಪೊಟ್ಟಣ ತೆಗೆದು, ಅಂಚನ್ನು ಮುರಿದು ಯೂಸೊನ ಕೈಗಿತ್ತಳು. ಅವನು ಅವಳ ಮಡಿಲಿಗೆ ಬರಲಿಲ್ಲ. ಹತ್ತಿರ ಕೂತು, ಅವಳ ಕಾಲಿಗೆ ಬೆನ್ನು ಆನಿಸಿಕೊಂಡು, ಬ್ರೆಡ್ಡು ಚೀಪತೊಡಗಿದ. ಆ ಪುಟ್ಟ ಬೆನ್ನಿನ ಬಿಸಿ ಬಟ್ಟೆಯ ಮೂಲಕ ತಗುಲಿತು. ಇನ್ನೂ ಬೇಡ, ಎಂದು ಅವಳು ತನಗೇ ಹೇಳಿಕೊಂಡಳು. ಇನ್ನೂ ಆಸೆ ಪಡಬೇಡ.

ಹೆನ್ನಾ ಎರಡನೇ ಸಲ ಕಾಫಿ ತಂದಿಟ್ಟಳು. ಅದೂ ಆರಿತು. ಕೊನೆಗೆ ಕಿಟಕಿಯಾಚೆ ಹಳದಿ ಜಾಕೆಟ್ಟು ಕಾಣಿಸಿತು. ಅದರ ಮುಂದೆ ಒಂದು ರಟ್ಟಿನ ಪೆಟ್ಟಿಗೆ, ಎಷ್ಟು ದೊಡ್ಡದೆಂದರೆ ರೌನೊನ ಮುಖವೇ ಕಾಣುತ್ತಿರಲಿಲ್ಲ. ಕಾಲಿನಿಂದ ದಾರಿ ತಡಕುತ್ತ, ಜಾರುವ ಹಿಮದ ಮೇಲೆ ಕಾರನ್ನು ಒಂದು ಸುತ್ತು ಹಾಕಿ, ಪೆಟ್ಟಿಗೆಯನ್ನು ಹಿಂದಿನ ಬಾಗಿಲ ಬಳಿ ಇಳಿಸಿದ.

ಮಿರ್ಯಾ ಯೂಸೊನನ್ನು ಎತ್ತಿಕೊಂಡು ಕುರ್ಚಿಯಿಂದ ಎದ್ದಳು. "ಅಯ್ಯೋ ನನ್ನ ಮಾರಾಯ," ಎಂದಳು ಕಿಟಕಿಯ ಗಾಜಿಗೆ.

ಮೂವರೂ ಹೊರಗೆ ಬಂದರು. ಯೂಸೊ ಮಿರ್ಯಾಳ ಸೊಂಟದ ಮೇಲಿದ್ದ. ರೌನೊ ಆಗಲೇ ಕಾರಿನೊಳಗೆ ಬೋರಲಾಗಿ ಬಿದ್ದಿದ್ದ. ಹೊರಗೆ ಕಾಣುತ್ತಿದ್ದದ್ದು ಬೂಟು ಮತ್ತು ಪ್ಯಾಂಟಿನ ಹಿಂಭಾಗ ಮಾತ್ರ.

"ದೊಡ್ಡದೇ ತಂದ್ಯಾ?" ಎಂದು ಮಿರ್ಯಾ ಆ ಹಿಂಭಾಗವನ್ನೇ ಕೇಳಿದಳು.

"ಅಂಗಡೀಲಿ ಇದೊಂದೇ ಇದ್ದಿದ್ದು," ಎಂದಿತು ಒಳಗಿನ ದನಿ.

"ಯಾವ ಅಂಗಡಿ, ಮಾರುಕಟ್ಟೆ ಹತ್ತಿರದ್ದಾ?" ಎಂದು ಹೆನ್ನಾ ಶುರುಮಾಡಿದಳು. "ಅಲ್ಲಿ ಗೋಡೆ ತುಂಬಾ..." ಮಿರ್ಯಾ ಅವಳ ತೋಳು ಮುಟ್ಟಿದಳು.

ಕಾರು ಹಳೆಯದು, ಸೀಟು ಸಿಕ್ಕಿಸುವ ಕೊಕ್ಕೆಗಳಿರಲಿಲ್ಲ. ಎಲ್ಲವನ್ನೂ ಬೆಲ್ಟಿನಲ್ಲೇ ಕಟ್ಟಬೇಕಿತ್ತು. ಮುಂದಿನ ಸೀಟಿನ ಅಡಿಯ ಕಂಬಿಗೆ ಎರಡು ಪಟ್ಟಿ ಸುತ್ತಿ ಹಿಂದಕ್ಕೆ ಎಳೆಯಬೇಕು. ಸೀಟಿನ ಆಸರೆಯ ಕಾಲು ಕಾರಿನ ನೆಲಕ್ಕೆ ಸರಿಯಾಗಿ ಊರಬೇಕು. ರೌನೊ ಒಂದು ಪಟ್ಟಿ ತಿರುಚಿ ಹಾಕಿದ, ಬೈದುಕೊಂಡ, ಬಿಚ್ಚಿದ.

"ಆ ಕಡೆಯಿಂದ ಬಂದು ಇದನ್ನ ಎಳಿ. ಎಳಿ ಅಂದ್ರೆ ಎಳಿ, ಕ್ಯಾರೆಟ್ ಕೀಳೋ ಹಾಗಲ್ಲ!"

"ಎಳೀತಾನೇ ಇದ್ದೀನಲ್ಲ! ನಿನ್ನ ಮೊಣಕಾಲು ಅದರ ಮೇಲೇ ಇದೆ!"

ಹೆನ್ನಾಳ ತೋಳಿನಲ್ಲಿದ್ದ ಯೂಸೊ ಈ ಗದ್ದಲಕ್ಕೆ ಮೊದಲ ಸಲ ಬಾಯಿ ಬಿಟ್ಟ. ಅತ್ತದ್ದಲ್ಲ. ಒಂದೇ ಒಂದು ಉದ್ದನೆಯ "ಓ", ಹಲ್ಲಿಗಂಟಿದ ಬ್ರೆಡ್ಡಿನ ಸಮೇತ. ಒಳಗೆ ಬೈದಾಡುತ್ತಿದ್ದ ಇಬ್ಬರೂ ಸುಮ್ಮನಾಗಿ ತಲೆ ಹೊರಹಾಕಿ ನೋಡಿದರು. ಮಿರ್ಯಾಳ ನಗು ತಡೆಯಲಾಗಲಿಲ್ಲ; ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು, ಮತ್ತೆ ಪಟ್ಟಿ ಹಿಡಿದು ಜಗ್ಗಿದಳು.

ಕೊನೆಗೆ ರೌನೊ ಎರಡೂ ಕೈಯಿಂದ ಸೀಟು ಹಿಡಿದು ಅಲ್ಲಾಡಿಸಿದ. ಕಾರೇ ಎಡಕ್ಕೂ ಬಲಕ್ಕೂ ತೂಗಿತು.

"ಕಾರು ಅಲ್ಲಾಡ್ತಿದೆಯಲ್ಲೋ."

"ಅಲ್ಲಾಡ್ಲಿ. ಸೀಟು ಅಲ್ಲಾಡ್ತಿಲ್ಲ ತಾನೆ?"

ಯೂಸೊನ ದಪ್ಪ ಅಂಗಿಯನ್ನು ಮಿರ್ಯಾ ಕಳಚಿದಳು. ರೌನೊ ಅವನನ್ನು ಎತ್ತಿ, ತಲೆ ತಾಗದಂತೆ ಅಂಗೈ ಅಡ್ಡ ಹಿಡಿದು, ಒಳಗೆ ಕೂರಿಸಿದ. ತಲೆದಿಂಬಿನಲ್ಲಿ ಅವನ ತಲೆಯ ಮೇಲೆ ಇನ್ನೂ ಎಷ್ಟೋ ಜಾಗ ಮಿಕ್ಕಿತ್ತು. ಭುಜದ ಪಟ್ಟಿಗಳನ್ನು ಸರಿಮಾಡಿ ಬೀಗ ಹಾಕಿದ. ಮೆತ್ತಗೆ ಎಳೆದ, ಬೆರಳಿನಿಂದ ಪಟ್ಟಿಯನ್ನು ಚಿವುಟಲು ನೋಡಿದ. ಚಿವುಟಲು ಬಾರದಷ್ಟು ಬಿಗಿಯಾಗಿತ್ತು. ಅಷ್ಟಕ್ಕೆ ಕೈ ತೆಗೆದ, ಮತ್ತೆ ಎಳೆಯಲಿಲ್ಲ. ಮಿರ್ಯಾ ಕಂಬಳಿ ಹೊದಿಸಿದಳು. ಹೆನ್ನಾ ಮೇಜಿನ ಮೇಲೆ ಉಳಿದಿದ್ದ ಆ ಬೂಟು, ಬಟ್ಟೆಯ ಚೀಲ, ಒಂದು ಕಿವಿ ಕಿತ್ತ ಬಟ್ಟೆಯ ಮೊಲ ಎಲ್ಲವನ್ನೂ ತಂದುಕೊಟ್ಟಳು.

"ಚಿಕ್ಕ ಸೀಟು ಏನು ಮಾಡ್ತೀರಿ?"

"ಸೋಮವಾರ ವಾಪಸ್ ಕೊಡ್ತೀನಿ," ಎಂದ ರೌನೊ. "ನಮ್ಮೂರ ಅಂಗಡಿಯ ಆ ಯಮ್ಮ ನನ್ನ ನೋಡಿ ನಗ್ತಾಳೆ. ನಗ್ಲಿ ಬಿಡಿ."

ಅವನು ಕಾರಿನ ಬಾಗಿಲ ಹೊಸ್ತಿಲ ಮೇಲೆ ಕುಕ್ಕರಿಸಿದ. ಜಾಕೆಟ್ಟಿನ ಕೊರಳು ಬೆವರಿಗೆ ಒದ್ದೆಯಾಗಿತ್ತು. ಏನೋ ಹೇಳುವವನಂತೆ ಹೆಂಡತಿಯ ಕಡೆ ನೋಡಿದ.

"ತಿನ್ನೋಕೇನಾದ್ರೂ ಇದ್ಯಾ? ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ನೋಡು."

ಮಿರ್ಯಾ ಪೊಟ್ಟಣವನ್ನೇ ಕೊಟ್ಟಳು. ಅವನು ತನ್ನ ಪಾಲಿನ ಬ್ರೆಡ್ಡು ತಿಂದ, ಅವಳ ಪಾಲಿನದ್ದನ್ನೂ ತಿಂದ. ಅವಳು ಎದುರು ನಿಂತು, ತಿನ್ನುವುದನ್ನು ನೋಡುತ್ತ, ಆಗ ನೆನಪಾಗಿ ತಲೆಯ ಬಲೆ ತೆಗೆದು ಜೇಬಿಗೆ ತುರುಕಿಕೊಂಡಳು. ಎಷ್ಟೋ ತಿಂಗಳಿಂದ ಅವನು ಹೀಗೆ ಹಸಿದು ತಿಂದದ್ದನ್ನು ಅವಳು ಕಂಡಿರಲಿಲ್ಲ.

ವಾಪಸ್ ಹೊರಟಾಗ ಮೋಡ ಒಡೆದು ಮಾರ್ಚಿನ ಇಳಿಬಿಸಿಲು ಕಾಡಿನ ನೆತ್ತಿಗೆ ಬಿದ್ದಿತ್ತು. ಮಿರ್ಯಾ ಹಿಂದೆ ಮಗುವಿನ ಪಕ್ಕ ಕೂತಳು. ರೌನೊನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಸೀಟಿನ ಕರಿ ಬೆನ್ನು ಮಾತ್ರ.

"ಎಚ್ಚರ ಇದ್ದಾನಾ?"

"ಇದ್ದಾನೆ."

ಸ್ವಲ್ಪ ದೂರ ಹೋದ ಮೇಲೆ, "ಈಗ?"

"ಈಗಲೂ ಇದ್ದಾನೆ. ಕಾಲು ಚಾಚಿ ಹಿಂದಿನ ಸೀಟಿಗೆ ಒದ್ಕೊಂಡು ರಾಜನ ಹಾಗೆ ಕೂತಿದ್ದಾನೆ. ನೀನು ರಸ್ತೆ ನೋಡು."

"ಏನು ಮಾಡ್ತಿದ್ದಾನೆ?"

"ಹಿಂದಿನ ಗಾಜು ನೋಡ್ತಿದ್ದಾನೆ. ಕೆಸರು ಬಿಟ್ರೆ ಅಲ್ಲೇನೂ ಕಾಣ್ತಿಲ್ಲ, ಪಾಪ."

ಪೆಟ್ರೋಲ್ ಬಂಕು ಬಂದಾಗ ರೌನೊ ಕಾರು ಒಳಕ್ಕೆ ತಿರುಗಿಸಿದ. ಪೆಟ್ರೋಲ್ ಬೇಕಿರಲಿಲ್ಲ. ಇಳಿದು, ಗಾಜು ಒರೆಸಲೆಂದು ಬಕೆಟ್ಟಿನಲ್ಲಿಟ್ಟಿದ್ದ ಸ್ಪಂಜಿನ ಕೋಲು ಎತ್ತಿಕೊಂಡು ಕಾರಿನ ಹಿಂದಕ್ಕೆ ಹೋದ. ಗಾಜಿನ ಮೇಲೆ ಕೆಸರು ನೀರು ಗೆರೆಗೆರೆಯಾಗಿ ಇಳಿಯಿತು. ಒಳಗಿನಿಂದ ನೋಡುತ್ತಿದ್ದ ಯೂಸೊನಿಗೆ ಮೊದಲು ಹಳದಿ ಬಣ್ಣ ಕಾಣಿಸಿತು, ಆಮೇಲೆ ಕೈ, ಆಮೇಲೆ ಮುಖ. ಅವನು ಕಂಬಳಿಯಿಂದ ಒಂದು ಕೈ ಹೊರತೆಗೆದ.

ಗಾಜು ಪೂರ್ತಿ ಸ್ವಚ್ಛವಾಯಿತು. ಬಿಸಿಲು ನೇರ ಒಳಗೆ ಬಂತು. ರೌನೊ ಆ ಕಡೆ ನಿಂತು, ಜಾಕೆಟ್ಟಿನ ತೋಳಿನಿಂದ ಇನ್ನೂ ಒರೆಸುತ್ತಲೇ ಇದ್ದ.