ಒಣಗುವ ಕೆಲಸದ ಯಜಮಾನಿ

"ಯಜಮಾನ ಇಲ್ಲದ ಕೆಲಸ ಕೆಲಸವೇ ಅಲ್ಲ" ಎಂದು ತರಬೇತಿ ಸರ್ ಗೋಡೆಯಿಂದ ಒಂದು ಹಳದಿ ಚೀಟಿ ಕಿತ್ತು ಮುದ್ದೆ ಮಾಡಿದರು. ಹೊಣೆ ಯಾರದೆಂದು ಹೇಳದೆ 'ಬಣ್ಣ ಒಣಗುವುದು' ಎಂದಷ್ಟೇ ಅದರಲ್ಲಿ ಬರೆದಿದ್ದವಳು ತಂಡದ ನಾಯಕಿ ಜಗಮೊಂಡಿ. ಮನೆಯವರು ಇಟ್ಟ ಅಡ್ಡಹೆಸರು. ಅಸಲಿ ಹೆಸರು ಹಾಜರಿ ಕರೆಯುವವರಿಗಷ್ಟೇ ಗೊತ್ತಿತ್ತು.

"ಬಣ್ಣ ತಾನೇ ಒಣಗತ್ತೆ ಸರ್. ಯಜಮಾನ ಅಂತ ಯಾರನ್ನ ಬರೀಲಿ, ಗಾಳಿನಾ?"

"ಗಾಳಿ ಮೀಟಿಂಗಿಗೆ ಬರತ್ತಾ?"

"ನೀವು ಕರೆದ್ರೆ ಯಾರೂ ಬರಲ್ಲ ಸರ್" ಎಂದಿತು ಹಿಂದಿನ ಸಾಲು.

ಸರ್ ಕೇಳಿಸಿಕೊಳ್ಳಲಿಲ್ಲ. "ಇನ್ನೊಂದು ನಿಯಮ. ಯಜಮಾನ ಬಾಯಿಬಿಟ್ಟು 'ಮುಗೀತು' ಅನ್ನೋವರೆಗೆ ಮುಂದಿನ ಕೆಲಸ ಯಾರೂ ಮುಟ್ಟೋ ಹಾಗಿಲ್ಲ."

ಆ ಸೇವಾಸಂಸ್ಥೆ ಹದಿಹರೆಯದವರಿಗೆ ಯೋಜನೆ ನಡೆಸುವ ವಿದ್ಯೆಯನ್ನು ಪುಕ್ಕಟೆಯಾಗಿ ಕಲಿಸುತ್ತಿತ್ತು. ಕಲಿಯಲು ಒಂದು ನಿಜವಾದ ಕೆಲಸ ಬೇಕಲ್ಲ? ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣಕ್ಕೆ ಬೆಂಚು ಮಾಡೋಣ ಎಂದು ಜಗಮೊಂಡಿ ಹಟ ಹಿಡಿದಿದ್ದಳು. ಮಂಡಿ ತೋರಿಸಲು ಹೋಗುವ ಅವಳ ಅಜ್ಜಿ ಅಲ್ಲಿ ಬಸ್ಸಿಗಾಗಿ ಕಂಬ ತಬ್ಬಿ ನಿಲ್ಲುತ್ತಿದ್ದಳು. "ನಿಮ್ಮ ತಾತನ್ನೂ ಇಷ್ಟು ಹೊತ್ತು ತಬ್ಬಿರಲಿಲ್ಲ ಕಣೇ!" ಎನ್ನುತ್ತಿದ್ದಳು.

ಉದ್ಘಾಟನೆಯ ಬೆಳಗ್ಗೆ ಬೆಂಚನ್ನು ನಿಲ್ದಾಣಕ್ಕೆ ತಂದರು. ಬಣ್ಣದ ಯಜಮಾನ ಹಸಿರು ಬಳಿದು 'ಮುಗೀತು' ಎಂದ. ರಿಬ್ಬನ್ನಿನ ಯಜಮಾನಿ ಕಟ್ಟಿದ ರಿಬ್ಬನ್ ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಭಾಷಣದ ಯಜಮಾನನದು ಮಾತ್ರ ಮುಗಿಯುವ ಲಕ್ಷಣವೇ ಇರಲಿಲ್ಲ.

ಸಂಸ್ಥೆಯ ಅಧ್ಯಕ್ಷೆ ಬಂದು ರಿಬ್ಬನ್ ಕತ್ತರಿಸಿದರು. "ಎಷ್ಟು ಚೆನ್ನಾಗಿದೆ! ಇಲ್ಲಿ ಬಿಸಿಲಿಗೆ ಹಾಳಾಗತ್ತೆ. ವ್ಯಾನ್ ಕರೆಸಿದೀನಿ, ನಮ್ಮ ಆಫೀಸಿನ ಬಾಗಿಲಿಗೆ ಹಾಕಿಸೋಣ. ದಾನಿಗಳ ಕಣ್ಣಿಗೆ ಬೀಳಲಿ."

ಜಗಮೊಂಡಿ ಮುಂದೆ ಬಂದಳು. "ಮೇಡಂ, ಇದು ಬಸ್ಸಿಗೆ ಕಾಯೋರಿಗೆ..."

"ಅವರಿಗೆ ನಿಂತು ಅಭ್ಯಾಸ ಆಗಿದೆ ಪುಟ್ಟಾ."

ಅಷ್ಟರಲ್ಲಿ ಅಜ್ಜಿ ಆಸ್ಪತ್ರೆಯಿಂದ ಹೊರಬಂದಳು. ಬೆಂಚು ಕಂಡಳು. ಯಾರಾದರೂ ಬಾಯಿ ತೆರೆಯುವ ಮೊದಲೇ ಧೊಪ್ಪನೆ ಕೂತಳು.

"ಅಜ್ಜೀ, ಹಸಿ ಬಣ್ಣ!"

"ಅದಕ್ಕೇ ತಣ್ಣಗಿದೆ" ಎಂದು ಅಜ್ಜಿ ಕಾಲು ಚಾಚಿದಳು.

ವ್ಯಾನೂ ಬಂತು. "ಏಳಿ ಅಮ್ಮಾ" ಎಂದರು ಅಧ್ಯಕ್ಷೆ.

ಜಗಮೊಂಡಿಗೆ ಮುದ್ದೆಯಾದ ಚೀಟಿ ನೆನಪಾಯಿತು. "ಸರ್! ಒಣಗೋ ಕೆಲಸಕ್ಕೆ ಯಜಮಾನಿ ಸಿಕ್ಕಿದ್ಲು. ಅಜ್ಜಿ 'ಮುಗೀತು' ಅನ್ನೋವರೆಗೆ ಬೆಂಚು ಮುಟ್ಟೋ ಹಾಗಿಲ್ಲ, ಅಲ್ವಾ?"

ಸರ್ ಅಧ್ಯಕ್ಷೆಯ ಮುಖ ನೋಡಿದರು, ಮಕ್ಕಳ ಮುಖ ನೋಡಿದರು. "ನಿಯಮ... ನಿಯಮವೇ ಮೇಡಂ."

"ಸಂಬಳ ಎಷ್ಟು?" ಎಂದಳು ಅಜ್ಜಿ.

"ಪುಕ್ಕಟೆ" ಎಂದಳು ಜಗಮೊಂಡಿ.

"ಹಾಗಾದ್ರೆ ನಿಧಾನಕ್ಕೇ ಮಾಡ್ತೀನಿ."

ಅಧ್ಯಕ್ಷೆ ಗಡಿಯಾರ ನೋಡಿ, ಅಜ್ಜಿಯನ್ನು ನೋಡಿ, ಸಂಜೆ ಬರುವಂತೆ ವ್ಯಾನಿನವನಿಗೆ ಹೇಳಿ ಹೊರಟರು. ಅವರ ಕಾರು ತಿರುವು ದಾಟಿದ್ದೇ ತಡ, ಪಕ್ಕದಲ್ಲಿ ಆಸ್ಪತ್ರೆಯ ಕಾಂಪೌಂಡ್ ಕಟ್ಟುತ್ತಿದ್ದ ಮೇಸ್ತ್ರಿಯ ಹತ್ತಿರ ಜಗಮೊಂಡಿ ಒಂದು ಬಾಂಡಲಿ ಕಾಂಕ್ರೀಟ್ ಕಾಡಿ ತಂದಳು. ತಂಡ ಬೆಂಚಿನ ನಾಲ್ಕು ಕಾಲಿನ ಬುಡ ತೋಡಿ ತುಂಬಿತು. ಭಾಷಣದ ಯಜಮಾನನೂ ಬಾಯಿ ಮುಚ್ಚಿಕೊಂಡು ಗುದ್ದಲಿ ಹಿಡಿದ. ಸರ್ ಬೇಕೆಂದೇ ಬೇರೆ ಕಡೆ ನೋಡುತ್ತ ನಿಂತರು.

ಮಧ್ಯಾಹ್ನ ಅಜ್ಜಿ ಕೇಳಿದಳು, "ಒಣಗಿತೇನೇ?"

ಬಣ್ಣ ಆಗಲೇ ಒಣಗಿತ್ತು. ಜಗಮೊಂಡಿ ಬಗ್ಗಿ ಕಾಂಕ್ರೀಟ್ ಒತ್ತಿ ನೋಡಿದಳು. "ಇನ್ನೂ ಇಲ್ಲ. ನಿನ್ನ ಬಸ್ ಬಂತಲ್ಲ ಅಜ್ಜೀ?"

"ಹೋಗಲಿ ಬಿಡು" ಎಂದು ಅಜ್ಜಿ ಬೆನ್ನು ಒರಗಿಸಿದಳು. "ಕೂತು ಬಸ್ ತಪ್ಪಿಸೋ ಸುಖಾನೇ ಬೇರೆ."